ಮುನ್ಷಿಯ ಮುಂದೆ ಕುಳಿತ ಪಾದ್ರಿ

ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿ ತೂಗಾಡಿ ನಮ್ಮ ಕಡೆಗೆ ಬರುತ್ತಿದ್ದ ಯುವ ಪಾದ್ರಿಯ ಪೆಟ್ಟಿಗೆಯಲ್ಲಿ ಕೈಬರಹದ ಪುಸ್ತಕಗಳ ಒಂದು ಕಂತೆ ಇರುತ್ತಿತ್ತು. ಇಂಗ್ಲೆಂಡಿನ ಗೋಸ್‌ಪೋರ್ಟ್‌ನಲ್ಲಿ ಡೇವಿಡ್ ಬೋಗ್ ಎಂಬ ಗುರು ಲಂಡನ್ ಮಿಷನ್ನಿನ ಹುಡುಗರನ್ನು ತಯಾರು ಮಾಡುತ್ತಿದ್ದರು. ಅವರ ಪಾಠಗಳನ್ನು ವಿದ್ಯಾರ್ಥಿಗಳು ಅಕ್ಷರ ಬಿಡದೆ ನಕಲು ಮಾಡಿಕೊಳ್ಳಬೇಕಿತ್ತು. ಪರದೇಶಕ್ಕೆ ಹೋದ ಮೇಲೆ ಅದೇ ಅವರ ಗ್ರಂಥಾಲಯ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿತು. ಅಲ್ಲಿಗೆ ಸೇರುತ್ತಿದ್ದವರಲ್ಲಿ ರೈತರ ಮಕ್ಕಳು, ಕಸುಬುದಾರರ ಮಕ್ಕಳೇ ಹೆಚ್ಚು. ಓದಿನ ಜೊತೆಗೆ ಮೈಮುರಿಯುವ ಕೆಲಸವೂ ಇರುತ್ತಿತ್ತು. ಗ್ರೀಕ್, ಹೀಬ್ರೂ, ದೇವತಾಶಾಸ್ತ್ರ ಎಲ್ಲ ಆಯಿತು, ಇನ್ನು ಹೊರಡು ಎಂದು ಬೀಳ್ಕೊಟ್ಟರೂ ಹುಡುಗನ ಕೊನೆಯ ಪಾಠ, ಕನ್ನಡ ಕಲಿಯುವುದು, ಬಾಕಿಯೇ ಇರುತ್ತಿತ್ತು. ಅದನ್ನು ಹೇಳಿಕೊಡುತ್ತಿದ್ದವರು ಇಲ್ಲಿನ ಬಂಗಲೆಯ ಜಗಲಿಗೆ ಬಂದು ಕೂರುತ್ತಿದ್ದ ಮುನ್ಷಿ.

ಮುನ್ಷಿ ಹೆಚ್ಚಾಗಿ ಬ್ರಾಹ್ಮಣ ಪಂಡಿತರು. ಶಿಷ್ಯ ಬಂದಿರುವುದು ತಮ್ಮವರನ್ನು ಮತಾಂತರ ಮಾಡಲಿಕ್ಕೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಲಿಸಿದರು, ಕಲಿಸುವುದರಲ್ಲಿ ಲೋಪ ಮಾಡಲಿಲ್ಲ. ಸಂಬಳಕ್ಕಾಗಿ ಎಂದುಬಿಡಬಹುದು, ಆದರೆ ಶಿಷ್ಯರು ಮುಂದೆ ಬರೆದ ವ್ಯಾಕರಣ, ನಿಘಂಟುಗಳನ್ನು ತೆರೆದು ನೋಡಿದರೆ ಸಂಬಳಕ್ಕೆ ಮೀರಿದ ಶ್ರಮ ಅಲ್ಲಿ ಕಾಣುತ್ತದೆ. ಪುಸ್ತಕದ ಮುಖಪುಟದಲ್ಲಿ ಪಾದ್ರಿಯ ಹೆಸರು ಉಳಿಯಿತು. ಮುನ್ಷಿಯ ಹೆಸರು, ಅದೃಷ್ಟವಿದ್ದರೆ, ಮುನ್ನುಡಿಯ ಒಂದು ಮೂಲೆಯಲ್ಲಿ.

ಗೋಸ್‌ಪೋರ್ಟ್‌ನಲ್ಲಿ ಓದಿದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಕೈಗೆ ಸಿಗುವಂಥ ಅಚ್ಚಾದ ಕನ್ನಡ ವ್ಯಾಕರಣವೂ ಇರಲಿಲ್ಲ, ಕೋಶವೂ ಇರಲಿಲ್ಲ. ವಿಲಿಯಂ ಕೇರಿಯ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಬಳ್ಳಾರಿಯಲ್ಲೇ ಇದ್ದ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ಕೋಶವನ್ನು 1824ರಲ್ಲೂ ಕನ್ನಡ-ಇಂಗ್ಲಿಷ್ ಕೋಶವನ್ನು 1832ರಲ್ಲೂ ತಂದರು. ಅಲ್ಲಿಯವರೆಗೆ ಮುನ್ಷಿಯ ಬಾಯೇ ಪುಸ್ತಕ. ಆಮೇಲೆ ಬಂದವರಿಗೆ ದಾರಿ ಸುಗಮವಾಯಿತು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರ ವ್ಯಾಕರಣ 1859ರಲ್ಲಿ ಬಂತು. 1914ರಲ್ಲಿ ಹೆರಾಲ್ಡ್ ಸ್ಪೆನ್ಸರ್, ಪಾಠಕ್ಕೊಂದು ಅಭ್ಯಾಸ ಜೋಡಿಸಿ, ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ವ್ಯಾಕರಣ ಬರೆದರು. ಅದನ್ನು 1950ರಲ್ಲಿ ಪರ್ಸ್ಟನ್ ಪರಿಷ್ಕರಿಸಿದರು. ಕನ್ನಡ ಬಾರದವರಿಗೆ ಕನ್ನಡ ಕಲಿಸಲು ಹೊರಟ ಯಾರಾದರೂ ಇವತ್ತಿಗೂ ಒಮ್ಮೆ ತಿರುವಿ ಹಾಕಬೇಕಾದ ಪುಸ್ತಕ ಅದು.

ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ನಾಲಿಗೆ ತಿರುಗಿಸುವ ಕೆಲಸ ಮುನ್ಷಿಯದೇ. ಇಂಗ್ಲಿಷಿನವನ ನಾಲಿಗೆಯ ತುದಿ ಹಲ್ಲಿಗೂ ತಾಗದೆ, ಮೇಲಕ್ಕೂ ಮಡಚದೆ ಎರಡರ ನಡುವೆ ನಿಲ್ಲುತ್ತದೆ. ಅದು ನಮ್ಮ ‘ತ’ವೂ ಅಲ್ಲ, ‘ಟ’ವೂ ಅಲ್ಲ. ನಮ್ಮ ಕಿವಿಗೆ ‘ಟ’ ಎಂದೇ ಕೇಳುತ್ತದೆ. ಆದ್ದರಿಂದ ಹತ್ತಿ-ಹಟ್ಟಿ, ಮನೆ-ಮಣೆ, ಬಲೆ-ಬಳೆ ಎಂದು ಜೋಡಿ ಜೋಡಿಯಾಗಿ ಹೇಳಿಸಬೇಕು. ಮೊದಲು ಕಿವಿ ಪಳಗಬೇಕು, ಬಾಯಿ ಆಮೇಲೆ. ಕೇಳಿಸದ ವ್ಯತ್ಯಾಸವನ್ನು ಯಾರೂ ಉಚ್ಚರಿಸಲಾರರು. ಇನ್ನೊಂದು ತೊಡಕು ಉಸಿರಿನದು. ಇಂಗ್ಲಿಷಿನಲ್ಲಿ ಪದದ ಮೊದಲ ‘ಕ’ಕಾರ, ‘ಪ’ಕಾರ ಉಸಿರು ತಳ್ಳಿಕೊಂಡೇ ಹೊರಬರುತ್ತವೆ, ಕಾಲು ‘ಖಾಲು’ ಆಗುತ್ತದೆ, ಪಾಪ ‘ಫಾಪ’ ಆಗುತ್ತದೆ. ಬಾಯಿಯ ಮುಂದೆ ಅಂಗೈ ಹಿಡಿದು ಹೇಳಿದರೆ ತಪ್ಪು ತಾನೇ ಗೊತ್ತಾಗುತ್ತದೆ, ಗಾಳಿ ಬಡಿದರೆ ಮತ್ತೆ ಹೇಳಬೇಕು.

ಎಲ್ಲಕ್ಕಿಂತ ಕಷ್ಟ ಒತ್ತಕ್ಷರ. ಪದದ ನಡುವಿನ ‘ತ’ಕ್ಕೂ ‘ತ್ತ’ಕ್ಕೂ ಇರುವ ಅಂತರ ಇಂಗ್ಲಿಷಿನವರ ಕಿವಿಗೆ ಬೀಳುವುದೇ ಇಲ್ಲ, ಅವರ ಭಾಷೆಗೆ ಅದು ಬೇಕಿಲ್ಲ. ಯೇಸು ಹೇಳಿದ ಸಾಮತಿ ಕತೆಗಳನ್ನು ಜನರ ಮುಂದಿಡಲು ಬಂದ ಪಾದ್ರಿ ಸಂತೆಯಲ್ಲಿ ನಿಂತು ‘ಅಣ್ಣಂದಿರಾ, ನಿಮಗೊಂದು ಕತ್ತೆ ಹೇಳುತ್ತೇನೆ’ ಎಂದರೆ ಮುಂದಿನ ಮಾತು ಯಾರು ಕೇಳುತ್ತಾರೆ? ಕತೆ, ಕತ್ತೆ, ಹಳಿ, ಹಳ್ಳಿ, ಬರಿ, ಬರ್ರಿ: ಮುನ್ಷಿ ಹೇಳುತ್ತಾ ಹೋಗಬೇಕು, ಶಿಷ್ಯ ಒಪ್ಪಿಸುತ್ತಾ ಹೋಗಬೇಕು. ದಿನವಿಡೀ ಇದನ್ನೇ ಕೇಳಿಸಿಕೊಳ್ಳುವ ತಾಳ್ಮೆ ಪಾಂಡಿತ್ಯಕ್ಕಿಂತ ದೊಡ್ಡದು ಎಂದೇ ನನ್ನ ಲೆಕ್ಕ.

ಇಷ್ಟಾದ ಮೇಲೆ ವಾಕ್ಯ. ಇಂಗ್ಲಿಷಿನವನು ಮುಖ್ಯ ಮಾತನ್ನು ಮೊದಲೇ ಆಡಿ, ಬಾಲದಂತೆ ವಿವರಗಳನ್ನು ಹಿಂದೆ ಕಟ್ಟುತ್ತಾನೆ. ಕನ್ನಡದಲ್ಲಿ ವಿವರವೆಲ್ಲ ಮೊದಲು, ಕ್ರಿಯಾಪದ ಕೊನೆಗೆ. ‘ನಿನ್ನೆ ಸಂತೆಯಲ್ಲಿ ಎತ್ತು ಮಾರಿದ ರೈತನ ಮಗ ಬಂದ’ ಎನ್ನಬೇಕಾದರೆ ಮಗನನ್ನು ಕೊನೆಯಲ್ಲಿ ಇಟ್ಟುಕೊಂಡು, ಸಂತೆಯಿಂದ ಶುರು ಮಾಡಬೇಕು. ಅಂದರೆ ಬಾಯಿ ತೆರೆಯುವ ಮೊದಲೇ ಇಡೀ ವಾಕ್ಯ ತಲೆಯಲ್ಲಿ ಸಿದ್ಧವಾಗಿರಬೇಕು. ‘ಮಾಡಿ, ಹೋಗಿ, ನೋಡಿ, ಬಂದು’ ಎಂದು ಕ್ರಿಯೆಗಳನ್ನು ಪೋಣಿಸುವುದು ಕೈಗೆ ಹತ್ತಿತು ಎಂದರೆ ಶಿಷ್ಯ ದಡ ಸೇರಿದ ಎಂದೇ ಅರ್ಥ. ಅಲ್ಲಿಯವರೆಗೆ ಅವನದು ಇಂಗ್ಲಿಷಿಗೆ ಕನ್ನಡದ ಅಂಗಿ ತೊಡಿಸಿದ ಮಾತು.

ಮುನ್ಷಿಯ ಕಲಿಸುವಿಕೆಯಲ್ಲಿ ಒಂದು ಕೊರತೆ ಇತ್ತು, ಅದನ್ನೂ ಹೇಳಬೇಕು. ಪಂಡಿತರಿಗೆ ಗ್ರಂಥದ ಭಾಷೆಯೇ ಭಾಷೆ. ಜೈಮಿನಿ ಭಾರತದಂಥ ಹಳೆಯ ಕಾವ್ಯ ಓದಿಸುತ್ತಿದ್ದರು. ‘ಬಂದೆನು, ಹೋದೆನು’ ಎಂದು ಕಲಿತವನಿಗೆ ಹಳ್ಳಿಯ ‘ಬಂದೆ, ಹೋದೆ’ ತಪ್ಪು ಎನ್ನಿಸುತ್ತಿತ್ತು. ಆಡುಮಾತನ್ನು ಅವನು ಅಡುಗೆಯವನಿಂದ, ಕುದುರೆ ನೋಡಿಕೊಳ್ಳುವವನಿಂದ ಹೆಕ್ಕಿಕೊಳ್ಳಬೇಕಿತ್ತು. ಅಲ್ಲಿ ಬೇರೆ ಅಪಾಯ: ಮನೆಯಾಳಿಗೆ ದೊರೆ ಆಡುವುದೆಲ್ಲ ‘ಬಾ, ಹೋಗು, ತಾ’. ಅದೇ ಬಾಯಿಪಾಠವಾಗಿ ಊರಿನ ಹಿರಿಯರಿಗೂ ‘ಏನು, ಬಾ’ ಎಂದುಬಿಟ್ಟರೆ ಮುಗಿಯಿತು. ದೇವರನ್ನು ‘ನೀನು’ ಎನ್ನಬಹುದು, ಗೌಡರನ್ನು ಎನ್ನುವಂತಿಲ್ಲ. ಈ ಸೂಕ್ಷ್ಮ ಯಾವ ವ್ಯಾಕರಣದ ಯಾವ ಅಧ್ಯಾಯದಲ್ಲಿ ಬಂದರೂ ಸಾಲದು, ಯಾರಾದರೂ ಪಕ್ಕದಲ್ಲಿ ನಿಂತು ತಿದ್ದಬೇಕು.

ಗ್ರಂಥಭಾಷೆಯಿಂದ ನಷ್ಟವೇ ಆಯಿತು ಎನ್ನಲೂ ಆಗದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರಡಿಸಿದ್ದು, ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚು ಮಾಡಿಸಿದ್ದು ಈ ಓದಿನ ಫಲ. 1853ರಲ್ಲಿ ಅದೇ ಮಿಷನ್ನಿಂದ ಬಂದ ಫರ್ಡಿನಂಡ್ ಕಿಟ್ಟೆಲ್ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಜರ್ಮನಿಗೆ ಮರಳಿದ್ದವರು ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿಗೆ ಪದ ಕೂಡಿಸಲು ಮತ್ತೆ ಬಂದರು. ಸುಮಾರು 70,000 ಪದಗಳ ಆ ಕೋಶ 1894ರಲ್ಲಿ ಹೊರಬಂತು. ಉಪದೇಶಕ್ಕೆಂದು ಬಂದವರು ಭಾಷೆಗೇ ಶಿಷ್ಯರಾದರು.

ಮುನ್ಷಿಯ ಬಳಿ ಕಲಿತು ಭಾಷೆಯ ಪರೀಕ್ಷೆ ಪಾಸಾದ ಪಾದ್ರಿಗಳಿಗೆ ಕೊನೆಗೊಂದು ಊರು ಗೊತ್ತುಮಾಡುತ್ತಿದ್ದರು. ಬೆಂಗಳೂರಿನಲ್ಲಿ 1820ರಿಂದ ಇದ್ದ ಲಂಡನ್ ಮಿಷನ್ನಿನವರ ಪಾಲಿಗೆ ಅಂಥ ಊರುಗಳಲ್ಲೊಂದು ಚಿಕ್ಕಬಳ್ಳಾಪುರ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರೂ ಇಲ್ಲ, ಆದರೆ ಕಲಿತ ಭಾಷೆ ಅಷ್ಟರಲ್ಲೇ ಕೈಕೊಡುತ್ತದೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಶಾಲೆಗೂ ಕಚೇರಿಗೂ ಕನ್ನಡ. ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಕ್ಕೆ ಉರ್ದುವೂ ಸೇರಿಕೊಳ್ಳುತ್ತದೆ. ಜಗಲಿಯ ಮೇಲೆ ಕನ್ನಡದಲ್ಲಿ ಮಾತಾಡಿದವರು ಒಳಗಿದ್ದ ಮಗನಿಗೆ ‘ಯಾಡಿಕಿ ಪೋತಾವ್ ರಾ’ (ಎಲ್ಲಿಗೆ ಹೋಗ್ತೀಯೋ) ಎಂದು ಕೇಳುತ್ತಾರೆ, ಬಂದವನಿಗೆ ಮತ್ತೆ ಕನ್ನಡ. ಇದೇ ಸೀಮೆಯ ಮುದ್ದೇನಹಳ್ಳಿಯ ಎಂಜಿನಿಯರ್ ವಿಶ್ವೇಶ್ವರಯ್ಯನವರದೂ ತೆಲುಗು ಮನೆಮಾತು. ಕೈವಾರದ ಸಂತಕವಿ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು, ಬಳೆ ಮಾರುತ್ತಾ ಊರೂರು ತಿರುಗಿದವರು. ಈ ಸೀಮೆಯಲ್ಲಿ ಧರ್ಮದ ಮಾತು ಜನಕ್ಕೆ ತಲುಪಬೇಕಾದರೆ ಎರಡೂ ಬರಬೇಕು ಎಂಬುದು ಪಾದ್ರಿಗಳಿಗಿಂತ ಮೊದಲೇ ತಾತಯ್ಯನವರಿಗೆ ಗೊತ್ತಿತ್ತು. ಒಂದೇ ಅನುಕೂಲ ಎಂದರೆ ಲಿಪಿ. ಕನ್ನಡ ಓದಲು ಬಂದವನಿಗೆ ತೆಲುಗು ಅಕ್ಷರ ಬಹುಬೇಗ ಒಲಿಯುತ್ತದೆ.

ಭಾಷೆಯಲ್ಲಿ ಉಪದೇಶಿಯದಕ್ಕಿಂತ ಬಿಗಿಯಾದ ಪರೀಕ್ಷೆ ಮಿಷನ್ನಿನ ವೈದ್ಯರದು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಕಟ್ಟಿದ ಆಸ್ಪತ್ರೆ, 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ರೂಪುಗೊಂಡ ಮೇಲೆ, ಸಿ.ಎಸ್.ಐ. ಆಸ್ಪತ್ರೆ ಎಂಬ ಹೆಸರಿನಲ್ಲಿ ನಡೆದುಕೊಂಡು ಬಂದಿದೆ. ಪ್ರಸಂಗಕ್ಕೆ ಕೂತವರು ಅರ್ಧ ಅರ್ಥವಾದರೂ ತಲೆಯಾಡಿಸುತ್ತಾರೆ. ರೋಗಿಯ ಮಾತು ಅರ್ಧ ಅರ್ಥವಾದರೆ ಔಷಧಿ ತಪ್ಪುತ್ತದೆ. ನೋವು ಎಂಬ ಒಂದೇ ಪದ ಕಲಿತು ಬಂದವರ ಮುಂದೆ ಹಳ್ಳಿಯ ಹೆಂಗಸು ಕೂತು ‘ಹೊಟ್ಟೇಲಿ ನುಲೀತದೆ ತಾಯಿ, ಎದೆ ಹಿಂಡ್ತದೆ, ಕಾಲು ಸೆಳೀತದೆ, ಅಂಗಾಲು ಉರೀತದೆ, ತಲೆ ಧಿಮ್ ಅಂತದೆ’ ಎನ್ನುತ್ತಾಳೆ. ಒಂದೊಂದಕ್ಕೂ ಒಂದೊಂದು ಕಾಯಿಲೆಯ ಸುಳಿವು. ಜೈಮಿನಿ ಭಾರತದಲ್ಲಿ ಇವು ಸಿಗುವುದಿಲ್ಲ, ಸ್ಪೆನ್ಸರ್ ಪುಸ್ತಕದ ಅಭ್ಯಾಸ ಮುಗಿಸಿದರೂ ಸಿಗುವುದಿಲ್ಲ. ಕನ್ನಡದಲ್ಲಿ ಇಷ್ಟನ್ನೂ ಕೂಡಿಸಿಕೊಂಡಾದ ಮೇಲೆ ಮಾರನೆಯ ದಿನ ಚಿಂತಾಮಣಿ ಕಡೆಯ ಮುದುಕಿ ಬಂದು ಅಷ್ಟನ್ನೂ ತೆಲುಗಿನಲ್ಲಿ ಹೇಳುತ್ತಾಳೆ. ಅದನ್ನು ಕಲಿಸಲು ಮುನ್ಷಿಯನ್ನು ಕಾಯುವ ಹಾಗಿರಲಿಲ್ಲ. ವಾರ್ಡಿನ ಆಯಾ, ಕಾಂಪೌಂಡರು, ಪಕ್ಕದ ಮಂಚದ ರೋಗಿ ಎಲ್ಲರೂ ಮೇಷ್ಟ್ರುಗಳೇ, ಅದೂ ಸಂಬಳವಿಲ್ಲದೆ.