ಬಟ್ಟೆಯ ಹೂವು ಅರಳಲಿ, ಬೆರಳು ಬಾಡದಿರಲಿ

ಸ್ಯಾಟಿನ್ ರಿಬ್ಬನ್ನಿನ ಗುಲಾಬಿ, ಆರ್ಗಂಡಿಯ ಸೇವಂತಿಗೆ, ನೈಲಾನ್ ಬಟ್ಟೆಯ ದಾಸವಾಳ - ಕೈಯಿಂದಲೇ ಮಾಡಿದ ಇಂಥ ಹೂಗಳು ಹೂದಾನಿಗೂ ಚೆನ್ನ, ಮಕ್ಕಳ ಜಡೆಗೂ ಚೆನ್ನ, ಮದುವೆ ಮನೆಯ ಆರತಿ ತಟ್ಟೆಗೂ ಚೆನ್ನ. ಬಿಡುವಿನ ವೇಳೆಗೆ ಇದೊಂದು ಒಳ್ಳೆಯ ಹವ್ಯಾಸ. ಕೆಲವು ಮನೆಗಳಲ್ಲಿ ನಾಲ್ಕು ಕಾಸು ತರುವ ಕಸುಬೂ ಹೌದು. ಆದರೆ ಹಬ್ಬ, ಮದುವೆಗಳ ಕಾಲದಲ್ಲಿ 'ಇನ್ನೆರಡು ಡಜನ್ ಮುಗಿಸಿಬಿಡೋಣ' ಎಂದು ಬಗ್ಗಿಸಿದ ತಲೆ ಎತ್ತದೆ ಕೂತರೆ ಹೂವಿನ ಜೊತೆಗೆ ನೋವೂ ಕೈಸೇರುತ್ತದೆ.

ಒಂದು ಗುಲಾಬಿಗಾಗಿ ನಿಮ್ಮ ಕೈ ಪಡುವ ಶ್ರಮವನ್ನು ಗಮನಿಸಿದ್ದೀರಾ? ಎಸಳುಗಳನ್ನು ಕತ್ತರಿಸಬೇಕು, ಅಂಚನ್ನು ಮೇಣದಬತ್ತಿಯ ಉರಿಗೆ ಹಿಡಿದು ಮುದುರಿಸಬೇಕು, ಒಂದರ ಮೇಲೊಂದು ಸುತ್ತಿ ಚಿವುಟಿ ಹಿಡಿಯಬೇಕು, ಸೂಜಿಯಿಂದ ಹೊಲಿಯಬೇಕು, ಕೊನೆಗೆ ತಂತಿಗೆ ಬಿಗಿಯಬೇಕು. ಪ್ರತಿಯೊಂದರಲ್ಲೂ ಹೆಬ್ಬೆರಳು ಮತ್ತು ತೋರುಬೆರಳಿಗೇ ದುಡಿಮೆ. ಮಣಿಕಟ್ಟು ಬಗ್ಗಿದ ಸ್ಥಿತಿಯಲ್ಲೇ ಇರುತ್ತದೆ.

ಬೆರಳು ಜುಮ್ಮೆಂದರೆ...

ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳುಗಳನ್ನು ಮಡಿಸುವ ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದರೊಳಗೇ ಹಾದುಹೋಗುತ್ತವೆ. ಅಲ್ಲಿ ಊತ ಬಂದರೆ ನರ ಅದುಮಿಕೊಳ್ಳುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜುಮ್ಮೆನ್ನುತ್ತವೆ, ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ನಡುರಾತ್ರಿ ಎಚ್ಚರವಾಗಿ ಕೈ ಕೊಡವಿಕೊಂಡರೆ ಹಾಯೆನಿಸುವುದು ಇದರ ಗುರುತು. ವೈದ್ಯರು ಇದನ್ನು 'ಕಾರ್ಪಲ್ ಟನಲ್ ಸಿಂಡ್ರೋಮ್' ಎನ್ನುತ್ತಾರೆ.

ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಥೈರಾಯಿಡ್ ಗ್ರಂಥಿಯ ಕೊರತೆ ಇರುವವರು ಇನ್ನೂ ಎಚ್ಚರದಿಂದಿರಬೇಕು. 'ಕೆಲಸ ಮಾಡಿದ ಕೈ, ನೋಯದೆ ಇರುತ್ತದೆಯೇ?' ಎಂದು ಸುಮ್ಮನಿರಬೇಡಿ. ಆರಂಭದಲ್ಲಿ ಕೆಲಸ ಕಡಿಮೆ ಮಾಡಿ, ರಾತ್ರಿ ಮಣಿಕಟ್ಟು ನೇರವಾಗಿರುವಂತೆ ಪಟ್ಟಿ ಕಟ್ಟಿಕೊಂಡರೆ ಅನೇಕರಿಗೆ ಗುಣ ಕಾಣುತ್ತದೆ. ತಿಂಗಳುಗಟ್ಟಲೆ ಅಲಕ್ಷಿಸಿದರೆ ಹೆಬ್ಬೆರಳಿನ ಬುಡದ ಮಾಂಸಖಂಡ ಸೊರಗಿ ಹಿಡಿತವೇ ಸಡಿಲವಾಗುತ್ತದೆ. ಆ ಹಂತ ತಲುಪಿದ ಮೇಲೆ ಶಸ್ತ್ರಚಿಕಿತ್ಸೆಯಿಂದಲೂ ಕೈಗೆ ಹಿಂದಿನ ಬಲ ಪೂರ್ತಿ ಬರದೆ ಹೋಗಬಹುದು.

ಹಾಗಾದರೆ ಏನು ಮಾಡಬೇಕು? ಅರ್ಧ ಗಂಟೆಗೊಮ್ಮೆ ಕೆಲಸ ಕೆಳಗಿಡಿ. ಮುಷ್ಟಿ ಕಟ್ಟಿ, ಬೆರಳುಗಳನ್ನು ಅಗಲಿಸಿ ಬಿಡಿಸಿ. ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡದೆ ಸ್ವಲ್ಪ ಹೊತ್ತು ಕತ್ತರಿಸಿ, ಸ್ವಲ್ಪ ಹೊತ್ತು ಹೊಲಿಯಿರಿ. ಮೊಂಡು ಕತ್ತರಿಯನ್ನು ಸಾಣೆ ಹಿಡಿಸಿ. ದಪ್ಪ ತಂತಿಯನ್ನು ಬೆರಳಿನಿಂದ ತಿರುಚದೆ ಇಕ್ಕಳ ಬಳಸಿ.

ಕತ್ತು ಮತ್ತು ಕಣ್ಣು

ನೆಲದ ಮೇಲೆ ಕೂತು, ಮಡಿಲಿನಲ್ಲಿಟ್ಟುಕೊಂಡ ಹೂವಿನತ್ತ ಬಗ್ಗುವುದೇ ನಮ್ಮ ಅಭ್ಯಾಸ. ಇದರಿಂದ ಕತ್ತು, ಭುಜಗಳ ಸ್ನಾಯುಗಳು ಬಿಗಿಯುತ್ತವೆ. ಒಂದು ಮಣೆಯನ್ನೋ ಗಿಡ್ಡ ಮೇಜನ್ನೋ ಮುಂದಿಟ್ಟುಕೊಂಡು ಕೆಲಸವನ್ನು ಕಣ್ಣಿನ ಹತ್ತಿರಕ್ಕೆ ಎತ್ತಿಕೊಳ್ಳಿ. ತಲೆಯನ್ನು ಕೆಲಸದತ್ತ ಇಳಿಸಬೇಡಿ. ಬೆನ್ನಿಗೆ ಗೋಡೆಯ ಆಸರೆ ಇರಲಿ.

ನಲವತ್ತು ದಾಟಿದವರಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾದರೆ ಅದು ವಯಸ್ಸಿನ ಸಹಜ ಬದಲಾವಣೆ. ಕಣ್ಣು ಪರೀಕ್ಷಿಸಿಕೊಂಡು ಚಾಳೀಸು ಹಾಕಿಕೊಳ್ಳುವುದರಲ್ಲಿ ಸಂಕೋಚವೇಕೆ? ಹಗಲಿನಲ್ಲಿ ಕಿಟಕಿಯ ಬಳಿ ಕೂತರೆ ಒಳ್ಳೆಯದು. ರಾತ್ರಿಯಾದರೆ ಕೈಯ ನೆರಳು ಹೂವಿನ ಮೇಲೆ ಬೀಳದಂತೆ ದೀಪವಿರಲಿ. 20 ನಿಮಿಷಕ್ಕೊಮ್ಮೆ 20 ಸೆಕೆಂಡು ಕಾಲ, 20 ಅಡಿ ದೂರದ ವಸ್ತುವನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿ.

ಉರಿ ಮತ್ತು ಅಂಟು

ಪಾಲಿಯೆಸ್ಟರ್, ನೈಲಾನ್ ಬಟ್ಟೆಗಳು ಉರಿ ತಾಗಿದರೆ ಕರಗಿ, ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಆದ್ದರಿಂದ ಎಸಳನ್ನು ಬೆರಳಿನಲ್ಲಿ ಹಿಡಿಯದೆ ಚಿಮಟದಲ್ಲಿ ಹಿಡಿದು ಉರಿಗೆ ತೋರಿಸಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ಹಿಂದಕ್ಕೆ ಕಟ್ಟಿ. ಪಕ್ಕದಲ್ಲಿ ಒಂದು ಚೊಂಬು ನೀರಿರಲಿ. ಕಿಟಕಿ ತೆರೆದಿರಲಿ, ಆದರೆ ಫ್ಯಾನಿನ ಗಾಳಿ ಉರಿಗೆ ಬೀಸದಿರಲಿ. ಘಾಟು ವಾಸನೆಯ ಅಂಟನ್ನು ಮೇಣದಬತ್ತಿಯ ಬಳಿ ತೆರೆಯಲೇಬೇಡಿ. ಅದರ ಆವಿಗೆ ಬೆಂಕಿ ಹತ್ತಬಲ್ಲದು.

ಬಿಸಿ ಅಂಟಿನ ಗನ್ ಬಳಸುವವರೂ ಹುಷಾರಾಗಿರಬೇಕು. ಅದರಿಂದ ಬರುವ ಅಂಟು ಕುದಿಯುವ ನೀರಿಗಿಂತ ಹೆಚ್ಚು ಬಿಸಿಯಾಗಿರುತ್ತದೆ.

ಸುಟ್ಟುಕೊಂಡರೆ ಮೊದಲು ಆ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಊತ ಬರುವ ಮುನ್ನ ಉಂಗುರ, ಬಳೆ ತೆಗೆಯಿರಿ. ಅಂಟಿಕೊಂಡದ್ದನ್ನು ಕಿತ್ತರೆ ಚರ್ಮವೂ ಕಿತ್ತುಬರುತ್ತದೆ. ಅದನ್ನು ಹಾಗೆಯೇ ಬಿಡಿ. ಬೊಬ್ಬೆ ಒಡೆಯಬೇಡಿ. ಶಾಯಿ, ಟೂತ್‌ಪೇಸ್ಟ್, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ಶುಭ್ರವಾದ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಹೋಗಿ.

ಹಸಿರು ಎಲೆಯ ವಿಷ

ಬಟ್ಟೆಯ ಹೂವು ಜೀವವನ್ನೇ ತೆಗೆದ ಕಾಲವೂ ಇತ್ತು. 19ನೇ ಶತಮಾನದ ಯೂರೋಪಿನಲ್ಲಿ ಹೂವಿನ ಎಲೆಗಳಿಗೆ ಹಚ್ಚುತ್ತಿದ್ದ ಕಡುಹಸಿರು ಪುಡಿಯಲ್ಲಿ ತಾಮ್ರದ ಜೊತೆ ಆರ್ಸೆನಿಕ್, ಅಂದರೆ ಪಾಷಾಣ, ಇರುತ್ತಿತ್ತು. ಲಂಡನ್ನಿನಲ್ಲಿ ಈ ಕೆಲಸ ಮಾಡುತ್ತಿದ್ದ ಮಟಿಲ್ಡಾ ಶೂರರ್ ಎಂಬ 19 ವರ್ಷದ ಹುಡುಗಿ ಆ ಪುಡಿಯ ವಿಷದಿಂದ 1861ರ ನವೆಂಬರಿನಲ್ಲಿ ಸತ್ತಳು. ಆಕೆಯ ಸಾವು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಇಂದು ಆ ಬಣ್ಣ ಬಳಕೆಯಲ್ಲಿಲ್ಲ. ಆದರೂ ಪುಡಿ ಬಣ್ಣ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿಕೊಳ್ಳಿ. ಬಣ್ಣಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಮನೆ ಸೇರದಿರಲಿ. ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.

ಮನೆಮಂದಿಯ ಗಮನಕ್ಕೆ

ಮಣಿ, ತಂತಿಯ ಚೂರು, ಸೂಜಿಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ಅಂಬೆಗಾಲಿಡುವ ಮಗುವಿಗೆ ಕಂಡದ್ದೆಲ್ಲ ತಿಂಡಿಯೇ. ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶ ಮಂದವಾದವರಿಗೆ ಸೂಜಿ ಚುಚ್ಚಿದ್ದೂ ತಿಳಿಯದೆ ಹೋಗಬಹುದು. ಕೆಲಸ ಮುಗಿದ ಮೇಲೆ ಬೆರಳುಗಳನ್ನು ನೋಡಿಕೊಳ್ಳಿ. ಬಟ್ಟೆಯ ಹೂಗಳಲ್ಲಿ ಧೂಳು ಬೇಗ ಸೇರುತ್ತದೆ. ಉಬ್ಬಸದವರಿರುವ ಮನೆಯಲ್ಲಿ ಅವನ್ನು ಮಲಗುವ ಕೋಣೆಯಲ್ಲಿಡಬೇಡಿ. ಆಗಾಗ ಸಾಬೂನು ನೀರಿನಲ್ಲಿ ಅದ್ದಿ ಒಣಗಿಸಿ.

ಇಷ್ಟೆಲ್ಲ ಓದಿ ಹೂವಿನ ಬುಟ್ಟಿಯನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಕೈಗೆ ಕೆಲಸ, ಮನಸ್ಸಿಗೆ ನೆಮ್ಮದಿ ಕೊಡುವ ಹವ್ಯಾಸವಿದು. ವಯಸ್ಸಾದವರು ಮೊಮ್ಮಕ್ಕಳೊಡನೆ ಕೂತು ನಾಲ್ಕು ಎಸಳು ಸುತ್ತಿದರೆ ಬೆರಳಿಗೂ ಚಲನೆ, ಮನಸ್ಸಿಗೂ ಗೆಲುವು. ಬೆರಳು 'ಸಾಕು' ಎಂದಾಗ ನಿಲ್ಲಿಸುವುದನ್ನು ಕಲಿತರೆ ಆಯಿತು. ಉಳಿದ ಹೂವು ನಾಳೆಗೂ ಬಾಡುವುದಿಲ್ಲವಲ್ಲ!