ಕೃತಕ ಬುದ್ಧಿಮತ್ತೆ ಸೇವೆಯ ಬಿಲ್ಲಿನಲ್ಲಿ ಅನಿರೀಕ್ಷಿತ ಏರಿಕೆ: ‘ಕ್ಯಾಶ್’ ಅಂಕಿಗಳ ಪರಿಶೀಲನೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಪಂಚಾಯತಿ ಕಾರ್ಯಕಲಾಪಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಈಗಾಗಲೇ ಆರಂಭವಾಗಿದೆ. ಕೇಂದ್ರ ಪಂಚಾಯತಿ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಜಾರಿಗೆ ತಂದ ‘ಸಭಾಸಾರ್’ ಸಾಧನವು ಗ್ರಾಮಸಭೆಯ ಧ್ವನಿಮುದ್ರಣದಿಂದ ನಡಾವಳಿಯನ್ನು ಸಿದ್ಧಪಡಿಸುತ್ತದೆ. ಅದು ಸರ್ಕಾರದ ಸಾಧನ. ಸಾರ್ವಜನಿಕರ ಪ್ರಶ್ನೆಗಳಿಗೆ ಮೊಬೈಲ್‌ನಲ್ಲಿ ಉತ್ತರಿಸುವಂತಹ ಸೇವೆಯನ್ನು ಖಾಸಗಿ ಪೂರೈಕೆದಾರರಿಂದ ಪಡೆದಲ್ಲಿ ಸಾಮಾನ್ಯವಾಗಿ ಬಳಕೆಯ ಪ್ರಮಾಣಕ್ಕೆ ತಕ್ಕ ಶುಲ್ಕ ತಗಲುತ್ತದೆ. ಪ್ರಶ್ನೆಗಳ ಸಂಖ್ಯೆ ಹೆಚ್ಚದಿದ್ದರೂ ಬಿಲ್ಲು ಏರುವುದುಂಟು. ಮನೆ ಕಂದಾಯದಿಂದ ಕೂಡಿಬಂದ ಹಣವನ್ನು ಅದಕ್ಕೆ ಪಾವತಿಸುವ ಮುನ್ನ ಏರಿಕೆಯ ಕಾರಣವನ್ನು ಕೇಳುವುದು ಸದಸ್ಯರ ಹಕ್ಕು.

ಈ ಸೇವೆಗಳ ಅಳತೆಯ ಏಕಮಾನವನ್ನು ‘ಟೋಕನ್’ ಎನ್ನುತ್ತಾರೆ. ಅದು ಪದದ ಒಂದು ತುಣುಕು. ಒಂದೇ ವಿಷಯವನ್ನು ಬರೆಯಲು ಇಂಗ್ಲಿಷಿಗಿಂತ ಕನ್ನಡಕ್ಕೆ ಸಾಮಾನ್ಯವಾಗಿ ಹೆಚ್ಚು ಟೋಕನ್‌ಗಳು ಬೇಕಾಗುತ್ತವೆ. ಅದಕ್ಕಿಂತ ದೊಡ್ಡ ಖರ್ಚು ಬೇರೆಡೆ ಇದೆ. ವ್ಯಕ್ತಿಯೊಬ್ಬರು “ಇ-ಸ್ವತ್ತಿಗೆ ಯಾವ ದಾಖಲೆ ಬೇಕು?” ಎಂದು ನಾಲ್ಕು ಪದ ಕೇಳಿದರೂ, ಯಂತ್ರಕ್ಕೆ ಅದರೊಂದಿಗೆ ನಿಯಮಗಳು, ಯೋಜನೆಗಳ ವಿವರ ಹಾಗೂ ಸೂಚನೆಗಳ ಇಡೀ ಕಡತ ಪ್ರತಿ ಬಾರಿಯೂ ಹೋಗುತ್ತದೆ. ಪ್ರತಿ ಅರ್ಜಿದಾರರು ಬಂದಾಗಲೂ ಸುತ್ತೋಲೆಗಳ ಕಟ್ಟನ್ನು ಮೊದಲ ಪುಟದಿಂದ ಓದುವ ಗುಮಾಸ್ತರನ್ನು ಊಹಿಸಿಕೊಳ್ಳಬಹುದು.

ಈ ಪುನರಾವರ್ತನೆಯನ್ನು ತಪ್ಪಿಸಲು ಓದಿದ ಭಾಗವನ್ನು ಸ್ವಲ್ಪ ಕಾಲ ತೆಗೆದಿರಿಸುವ ವ್ಯವಸ್ಥೆಯೇ ‘ಕ್ಯಾಶ್’. (ನಗದು ಎಂಬರ್ಥದ ಪದಕ್ಕೂ ಇದಕ್ಕೂ ಸಂಬಂಧವಿಲ್ಲ, ಉಚ್ಚಾರಣೆ ಮಾತ್ರ ಒಂದೇ.) ದರಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, ಕಾಲಕಾಲಕ್ಕೆ ಬದಲಾಗುತ್ತವೆ. ಆಂತ್ರೊಪಿಕ್ ಕಂಪನಿಯು 2024ರಲ್ಲಿ ‘ಕ್ಲಾಡ್’ಗೆ ಈ ವ್ಯವಸ್ಥೆಯನ್ನು ತಂದಾಗ ನಿಗದಿಪಡಿಸಿದ ಕ್ರಮವನ್ನು ಉದಾಹರಣೆಯಾಗಿ ನೋಡಬಹುದು: ಕ್ಯಾಶ್‌ಗೆ ಬರೆಯಲು ಮೂಲ ದರಕ್ಕಿಂತ ಶೇ. 25 ಹೆಚ್ಚು, ಅದರಿಂದ ಓದಲು ಮೂಲ ದರದ ಶೇ. 10 ಮಾತ್ರ, ತೆಗೆದಿರಿಸುವ ಅವಧಿ 5 ನಿಮಿಷ. ಅಷ್ಟರೊಳಗೆ ಮತ್ತೊಂದು ಪ್ರಶ್ನೆ ಬಂದರೆ ಅವಧಿ ಮತ್ತೆ 5 ನಿಮಿಷಕ್ಕೆ ನವೀಕರಣಗೊಳ್ಳುತ್ತದೆ.

ಲೆಕ್ಕ ಹೀಗಿದೆ. ಕಡತವನ್ನು ಒಮ್ಮೆ ಓದಲು ಒಂದು ರೂಪಾಯಿ ಎಂದು ಭಾವಿಸಿದರೆ, ಕ್ಯಾಶ್ ಇಲ್ಲದೆ 1,000 ಪ್ರಶ್ನೆಗಳಿಗೆ 1,000 ರೂ. ಪ್ರಶ್ನೆಗಳು ಬಿಡುವಿಲ್ಲದೆ ಬಂದು ಕ್ಯಾಶ್ ಸರಿಯಾಗಿ ನಡೆದರೆ ಸುಮಾರು 101 ರೂ. ಪ್ರತಿ ಬಾರಿಯೂ ಅವಧಿ ಮೀರಿ ಹೊಸದಾಗಿ ಬರೆಯಬೇಕಾದರೆ 1,250 ರೂ. ಅಂದರೆ ಉಳಿತಾಯಕ್ಕೆಂದು ಅಳವಡಿಸಿದ ವ್ಯವಸ್ಥೆಯೇ ಹೆಚ್ಚಿನ ಖರ್ಚನ್ನು ತರಬಲ್ಲದು.

ಈ ನಾಲ್ಕು ತಾಲ್ಲೂಕುಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಭಕ್ತರು ಸೇರುವಾಗ ಅಲ್ಲಿನ ಮಾಹಿತಿ ಸೇವೆಗೆ ಪ್ರಶ್ನೆಗಳು ಎಡೆಬಿಡದೆ ಬರುವವು. ಆಗ ಪ್ರತಿ ಪ್ರಶ್ನೆಯ ವೆಚ್ಚ ಕಡಿಮೆ. ರಾಮದುರ್ಗದ ಒಂದು ಸಣ್ಣ ಪಂಚಾಯತಿಗೆ ಗಂಟೆಗೊಂದು ಪ್ರಶ್ನೆ ಬಂದರೆ ಪ್ರತಿಯೊಂದಕ್ಕೂ ಹೊಸ ಬರಹದ ದರ. ಹಲವು ಪಂಚಾಯತಿಗಳು ಪ್ರತ್ಯೇಕ ಖಾತೆ ತೆರೆಯುವುದಕ್ಕಿಂತ ಒಂದೇ ಖಾತೆಯಡಿ ಸೇರುವುದು ಈ ದೃಷ್ಟಿಯಿಂದ ಲಾಭಕರ. ಆದರೆ ಕಡತದ ಆರಂಭದಲ್ಲೇ ಪಂಚಾಯತಿಯ ಹೆಸರನ್ನು ಬರೆದರೆ ಆ ಲಾಭವೂ ಕೈತಪ್ಪುತ್ತದೆ. ಏಕೆಂದರೆ ಕ್ಯಾಶ್ ಮೊದಲ ಅಕ್ಷರದಿಂದ ಹೋಲಿಸುತ್ತದೆ. ಎಲ್ಲಿ ವ್ಯತ್ಯಾಸ ಕಂಡಿತೋ ಅಲ್ಲಿಂದ ಮುಂದಿನದೆಲ್ಲವೂ ಹೊಸದೆಂದೇ ಲೆಕ್ಕ. ದಿನಾಂಕ ಮತ್ತು ಸಮಯ, ಅರ್ಜಿದಾರರ ಹೆಸರು, ಕ್ರಮ ಬದಲಾಗುತ್ತಲೇ ಇರುವ ಯೋಜನೆಗಳ ಪಟ್ಟಿ ಮೇಲ್ಭಾಗದಲ್ಲಿರುವುದೇ ಬಹಳ ಕಡೆ ಕಂಡುಬರುವ ದೋಷ. ಸ್ಥಿರವಾದುದು ಮೊದಲು, ಬದಲಾಗುವುದು ಕೊನೆಗೆ ಇರಬೇಕು.

ದೋಷವನ್ನು ಗುರುತಿಸಲು ತಾಂತ್ರಿಕ ಪರಿಣತಿ ಬೇಕಿಲ್ಲ. ಪೂರೈಕೆದಾರರಿಂದ ಪ್ರತಿ ತಿಂಗಳು ನಾಲ್ಕು ಅಂಕಿಗಳನ್ನು ಪಡೆಯಬೇಕು: ಹೊಸದಾಗಿ ಓದಿದ, ಕ್ಯಾಶ್‌ಗೆ ಬರೆದ, ಕ್ಯಾಶ್‌ನಿಂದ ಓದಿದ ಹಾಗೂ ಉತ್ತರವಾಗಿ ಬಂದ ಟೋಕನ್‌ಗಳು. ಇವು ಪ್ರತಿ ಉತ್ತರದ ಜೊತೆಗೇ ದಾಖಲಾಗುವುದರಿಂದ “ಲಭ್ಯವಿಲ್ಲ” ಎಂಬ ಉತ್ತರವನ್ನು ಒಪ್ಪಬೇಕಾಗಿಲ್ಲ. ನಾಲ್ಕೂ ಒಟ್ಟಿಗೆ ಏರಿದ್ದರೆ ಬಳಕೆಯೇ ಹೆಚ್ಚಿದೆ. ನಾಲ್ಕನೆಯದು ಮಾತ್ರ ಏರಿದ್ದರೆ ಉತ್ತರಗಳು ಉದ್ದವಾಗಿವೆ. ಅದಕ್ಕೂ ಕ್ಯಾಶ್‌ಗೂ ಸಂಬಂಧವಿಲ್ಲ. ಮೂರನೆಯದು ಇಳಿದು ಮೊದಲ ಎರಡರಲ್ಲಿ ಒಂದು ಏರಿದ್ದರೆ ಕ್ಯಾಶ್ ಮುರಿದಿದೆ. ಅದು ಯಾವ ದಿನದಿಂದ ಎಂಬುದನ್ನು ದಿನವಾರು ಅಂಕಿಗಳಲ್ಲಿ ನೋಡಿ, ಆ ದಿನ ಸೂಚನೆಯ ಪಠ್ಯದಲ್ಲಿ ಅಥವಾ ಮಾದರಿಯ ಆವೃತ್ತಿಯಲ್ಲಿ ಆದ ಬದಲಾವಣೆಯನ್ನು ಲಿಖಿತವಾಗಿ ಕೇಳಬೇಕು.

ಪ್ರಶ್ನೆಗಳು ವಿರಳವಾಗಿರುವ ಕಡೆ ಎರಡು ದಾರಿಗಳಿವೆ. ಒಂದು ಗಂಟೆ ತೆಗೆದಿರಿಸುವ ಆಯ್ಕೆಗೆ ಬರೆಯುವ ದರ ಮೂಲದ ಎರಡರಷ್ಟಾಗುವುದರಿಂದ, ಅವಧಿ ಮುಗಿಯುವ ಮುನ್ನ ಕನಿಷ್ಠ ಎರಡು ಮರು-ಓದುಗಳಾದರೆ ಮಾತ್ರ ಅದು ಲಾಭಕರ. ಇಲ್ಲವಾದಲ್ಲಿ ಕ್ಯಾಶ್ ಅನ್ನು ನಿಲ್ಲಿಸಿ, ಕಡತವನ್ನೇ ಚಿಕ್ಕದಾಗಿಸುವುದು ಅಗ್ಗ. ಒಪ್ಪಂದದ ನವೀಕರಣದ ವೇಳೆ ಮಾಸಿಕ ಅಂಕಿಗಳನ್ನು ಬಿಲ್ಲಿನೊಂದಿಗೆ ಲಗತ್ತಿಸುವ ಷರತ್ತನ್ನು ಸೇರಿಸಿಕೊಳ್ಳಬಹುದು.