ಇಪ್ಪತ್ಮೂರು ವರ್ಷ ತಡವಾಗಿ ಬಂದ ಮಹಾವೀರ ಚಕ್ರ

ಕಳೆದ ವರ್ಷ ಅಪ್ಪನ ಜೊತೆ ಮನೆಯಲ್ಲೇ ಕೂತು 'ಸ್ಕೈ ಫೋರ್ಸ್' ಸಿನಿಮಾ ನೋಡ್ತಿದ್ದೆ. ಅರ್ಧಕ್ಕೇ ಅಪ್ಪ, "ಇದು ನಮ್ಮ ಕೊಡಗಿನ ದೇವಯ್ಯನವರ ಕಥೆ ಅಲ್ವೇನೋ?" ಅಂದರು. ಪಾತ್ರಕ್ಕೆ ಹೆಸರು ಬೇರೆ ಇಟ್ಟಿದ್ದರು, ಹಾಗಾಗಿ ನನಗೆ ಹೊಳೆದೇ ಇರಲಿಲ್ಲ. ಆ ರಾತ್ರಿ ಓದೋಕೆ ಕೂತವನು ಮಲಗಿದಾಗ ಎರಡು ಗಂಟೆ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರಲ್ಲಿ. 1954ರಲ್ಲಿ ವಾಯುಪಡೆ ಸೇರಿದರು. 1965ರ ಯುದ್ಧ ಶುರುವಾಗುವ ಹೊತ್ತಿಗೆ ಅವರು ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಮೇಷ್ಟ್ರು. ಯುದ್ಧಕ್ಕೆಂದು ಅವರನ್ನು ಒಂದನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಅಲ್ಲಿದ್ದದ್ದು ಮಿಸ್ಟೇರ್ ಅನ್ನೋ ಫ್ರೆಂಚ್ ವಿಮಾನ. ಎದುರಾಳಿಯ ಹತ್ತಿರ ಇದ್ದದ್ದು ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡರಷ್ಟು ವೇಗದ್ದು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ.

ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಹನ್ನೆರಡು ಮಿಸ್ಟೇರ್‌ಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಗೆ ಹೊರಡಬೇಕಿತ್ತು. ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಅವರು ಸ್ಟ್ಯಾಂಡ್‌ಬೈ. ನಮ್ಮ ಆಫೀಸಲ್ಲೂ ರಾತ್ರಿ ಪಾಳಿಗೆ ಸ್ಟ್ಯಾಂಡ್‌ಬೈ ಅಂತ ಒಬ್ಬರನ್ನು ಹಾಕ್ತಾರೆ, ನನ್ನ ಸರದಿ ಬಂದಾಗ ಯಾರೂ ಕರೆಯದಿರಲಿ ಅಂತ ಬೇಡಿಕೊಳ್ಳೋನು ನಾನು! ಅವತ್ತು ಒಂದು ವಿಮಾನ ಹಿಂದೆ ಉಳಿಯಿತು. ದೇವಯ್ಯ ಆ ಜಾಗಕ್ಕೆ ಹೋದರು.

ದಾಳಿ ಮುಗಿಸಿ ವಾಪಸ್ ಬರುವಾಗ ಸ್ಟಾರ್‌ಫೈಟರ್ ಒಂದು ಬೆನ್ನಿಗೆ ಬಿತ್ತು. ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರು ಬಿಟ್ಟ ಕ್ಷಿಪಣಿ ಗುರಿ ತಪ್ಪಿತು, ಆಮೇಲೆ ಹಾರಿಸಿದ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಇದರ ಕಥೆ ಮುಗೀತು ಅಂದುಕೊಂಡು ಅವರು ಉಳಿದ ಮಿಸ್ಟೇರ್‌ಗಳ ಕಡೆ ಹೊರಟರು. ಆದರೆ ಏಟು ತಿಂದ ವಿಮಾನ ಇನ್ನೂ ಹಾರುತ್ತಿತ್ತು. ಅಷ್ಟು ದೂರ ಹೋಗಿ ಬರೋಕೆ ಇಂಧನ ಲೆಕ್ಕದಷ್ಟೇ ಇದ್ದದ್ದು. ಕಾದಾಟಕ್ಕೆ ತಿರುಗಿದರೆ ಮನೆ ಮುಟ್ಟೋದು ಕಷ್ಟ ಅನ್ನೋದು ಹಾರಾಟ ಕಲಿಸುವ ಮೇಷ್ಟ್ರಿಗೆ ಗೊತ್ತಿರಲ್ವೇ? ಆದರೂ ತಿರುಗಿದರು. ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಭಾಗ. ನಮ್ಮ ಕಡೆಯವರು ಯಾರೂ ಆ ಕಾಳಗ ನೋಡಿರಲಿಲ್ಲ. ದಾಖಲೆಯಲ್ಲಿ ಅವರು 'ಕಾಣೆಯಾದವರು', ಅಷ್ಟೇ. ಲಾಗ್‌ನಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ ದಿನಾ ವಾದ ಮಾಡುವ ಕೆಲಸ ನನ್ನದು. ಇಲ್ಲಿ ಲಾಗ್ ಇತ್ತು, ಆದರೆ ಅದು ಗಡಿಯಾಚೆ ಇತ್ತು. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆ ಕೊಟ್ಟ ಮಾಹಿತಿ ಇಟ್ಟುಕೊಂಡು ಆ ಯುದ್ಧದ ಪುಸ್ತಕ ಬರೆದರು. ಅದರಲ್ಲಿ ಸ್ಟಾರ್‌ಫೈಟರ್ ಕೆಡವಿದ ಮಿಸ್ಟೇರ್‌ನ ಪ್ರಸ್ತಾಪ ಬಂತು. ಅವತ್ತು ಆ ಸ್ಕ್ವಾಡ್ರನ್‌ನ ಮುಖ್ಯಸ್ಥರಾಗಿದ್ದ ತನೇಜಾ ಅವರಿಗೆ ಅದು ಯಾರ ವಿಮಾನ ಅಂತ ಅರ್ಥವಾಯಿತು. ವಾಪಸ್ ಬಾರದೆ ಉಳಿದವರು ದೇವಯ್ಯ ಒಬ್ಬರೇ. ತನೇಜಾ ಸುಮ್ಮನಿರದೆ ವಾಯುಪಡೆಗೆ ಬರೆದರು.

1988ರಲ್ಲಿ ಮಹಾವೀರ ಚಕ್ರ ಬಂತು. ಯುದ್ಧದ ಪದಕಗಳಲ್ಲಿ ಪರಮವೀರ ಚಕ್ರದ ನಂತರದ್ದು ಅದು. ಮರಣೋತ್ತರವಾಗಿ ಅದನ್ನು ಪಡೆದ ವಾಯುಪಡೆಯ ಅಧಿಕಾರಿ ಇವರೊಬ್ಬರೇ. ಪದಕ ಸ್ವೀಕರಿಸಿದ್ದು ಪತ್ನಿ ಸುಂದರಿ ದೇವಯ್ಯ. ಗಂಡ ಏನಾದರು ಅನ್ನೋದು ಸರಿಯಾಗಿ ತಿಳಿಯದೇ ಎಷ್ಟು ವರ್ಷ ಕಳೆದಿರಬೇಕು ಆಕೆ! ನನ್ನ ಮಟ್ಟಿಗೆ ಪದಕಕ್ಕಿಂತ ಆ ಉತ್ತರವೇ ದೊಡ್ಡದು.

ಮಡಿಕೇರಿಯಲ್ಲಿ ದೇವಯ್ಯನವರ ಪ್ರತಿಮೆ ಇದೆ. ಕಾಲೇಜಿನಿಂದ ಎರಡು ಸಲ ಟ್ರಿಪ್ ಹೋಗಿದ್ದೀನಿ, ಎರಡು ಸಲವೂ ರಾಜಾಸೀಟ್‌ನಲ್ಲಿ ಫೋಟೋ ತೆಗೆಸಿಕೊಂಡು ಬಂದಿದ್ದೀನಿ. ಈ ಸಲ ದಸರಾ ರಜೆಗೆ ಅಪ್ಪನನ್ನ ಕರ್ಕೊಂಡು ಹೋಗ್ತಿದ್ದೀನಿ.